ಭೂಮಿ ತಿರುಗುವುದನ್ನು ನೋಡಿಲ್ಲ ಎಂದ ಮಾಸ್ತರರು

೧೯೫೭ರ ಜೂನ್‌ನಲ್ಲಿ ನಾನು ರೋಣ ತಾಲ್ಲೂಕಿಗೆ ಪ್ರಾಥಮಿಕ ಶಾಲೆಗಳ ಇನ್‌ಸ್ಪೆಕ್ಟರನಾಗಿ ಬಂದೆ. ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ತುಮಕೂರಿನ ಕಡೆಯವನು. ವಯಸ್ಸು ಇಪ್ಪತ್ತೊಂಬತ್ತು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದ್ದೆ. ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದಳು. ರೋಣದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದೆ.

ಇನ್‌ಸ್ಪೆಕ್ಟರನ ಕೆಲಸವೆಂದರೆ ತಿರುಗಾಟ. ಬಸ್ಸು ಹೋಗುವ ಕಡೆ ಬಸ್ಸು, ಹೋಗದ ಕಡೆ ಸೈಕಲ್ಲು. ಮಳೆ ಬಿದ್ದರೆ ಅಲ್ಲಿನ ಕಪ್ಪು ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲೇ ನನ್ನ ಹೆಗಲೇರುತ್ತಿತ್ತು. ಶಾಲೆಗೆ ಹೋಗಿ ಹಾಜರಿ ಪುಸ್ತಕ ನೋಡಿ, ಮಕ್ಕಳಿಗೆ ನಾಲ್ಕು ಪ್ರಶ್ನೆ ಕೇಳಿ, ಶೆರಾ ಬರೆದು ಬರುತ್ತಿದ್ದೆ. ಶೆರಾ ಎಂದರೆ ಅಲ್ಲಿನವರ ಮಾತಿನಲ್ಲಿ ತಪಾಸಣೆಯ ಟಿಪ್ಪಣಿ. ಅವರ ಮಾತು ನನಗೆ ಅರ್ಧ ತಿಳಿಯುತ್ತಿತ್ತು. ನನ್ನ ಮಾತು ಅವರಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು. ಎಲ್ಲ ಕಡೆ ಮರ್ಯಾದೆ ಸಿಗುತ್ತಿತ್ತು, ಚಹಾ ಸಿಗುತ್ತಿತ್ತು. ಸಾಹೇಬರ ಹತ್ತಿರ ಕುಳಿತು ಸುಮ್ಮನೆ ಮಾತಾಡುವವರು ಮಾತ್ರ ಯಾರೂ ಇರಲಿಲ್ಲ. ಎಷ್ಟೋ ದಿನ ಸಂಜೆ ಐದರ ಮೇಲೆ ನಾನು ಒಂದೇ ಒಂದು ಮಾತೂ ಆಡಿದ್ದಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ರಷ್ಯಾದವರು ಮೊದಲ ಕೃತಕ ಉಪಗ್ರಹವನ್ನು ಹಾರಿಸಿದರು. ಪತ್ರಿಕೆಗಳೆಲ್ಲ ಮನುಷ್ಯ ಆಕಾಶವನ್ನು ಗೆದ್ದ ಎಂದು ಬರೆದವು. ನಾನು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡು ಹೋದಹೋದ ಶಾಲೆಯಲ್ಲಿ ಓದಿ ಹೇಳುತ್ತಿದ್ದೆ. ಬಿ.ಎಸ್ಸಿ. ಓದಿದ್ದು ಅಂತೂ ಉಪಯೋಗಕ್ಕೆ ಬಂತು ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ನವೆಂಬರಿನಲ್ಲಿ ಒಂದು ಅರ್ಜಿ ಬಂತು. ಯಾವಗಲ್ ಎಂಬ ಊರಿನ ಆಚೆಗಿರುವ ಒಂದು ಸಣ್ಣ ಊರಿನಿಂದ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹದಿನಾಲ್ಕು ಪಾಲಕರು ಸಹಿ ಮತ್ತು ಹೆಬ್ಬೆಟ್ಟು ಹಾಕಿದ್ದರು. ಶಾಲೆಯ ಮುಖ್ಯ ಮಾಸ್ತರರಾದ ಬಸಲಿಂಗಪ್ಪನವರು ಭೂಮಿ ತಿರುಗುವುದಿಲ್ಲ ಎಂದು ಮಕ್ಕಳಿಗೆ ಕಲಿಸುತ್ತಿದ್ದಾರೆ, ಇದರಿಂದ ಮಕ್ಕಳು ಮುಲ್ಕಿ ಪರೀಕ್ಷೆಯಲ್ಲಿ ನಪಾಸಾಗುತ್ತಾರೆ, ಆದ್ದರಿಂದ ಅವರನ್ನು ತೆಗೆಯಬೇಕು ಎಂಬುದು ಅರ್ಜಿಯ ಸಾರಾಂಶ. ಏಳನೆಯ ಇಯತ್ತೆಯ, ಅಂದರೆ ಏಳನೆಯ ತರಗತಿಯ, ಕೊನೆಗೆ ನಡೆಯುವ ಸರ್ಕಾರಿ ಪರೀಕ್ಷೆಗೆ ಆಗ ಮುಲ್ಕಿ ಎಂಬ ಹೆಸರಿತ್ತು. ಅದು ಪಾಸಾದರೆ ಮಾಸ್ತರಿಕೆಯೋ ಊರಿನ ಕಂದಾಯದ ಲೆಕ್ಕ ನೋಡುವ ತಲಾಠಿ ಕೆಲಸವೋ ಸಿಗುವ ಆಸೆ. ಒಕ್ಕಲುತನದ ಮನೆಗಳಿಗೆ ಅದು ಸಣ್ಣ ಮಾತಾಗಿರಲಿಲ್ಲ. ಅರ್ಜಿಯ ಒಂದು ಪ್ರತಿ ಧಾರವಾಡದಲ್ಲಿದ್ದ ನನ್ನ ಮೇಲಧಿಕಾರಿಗೂ ಹೋಗಿತ್ತು. ವಿಚಾರಣೆ ಮಾಡಿ ಒಂದು ತಿಂಗಳೊಳಗೆ ವರದಿ ಕಳಿಸಿ ಎಂದು ಅವರ ಆದೇಶ ಬಂತು.

ಮೂಢನಂಬಿಕೆಯ ಮುದುಕನೊಬ್ಬನನ್ನು ನೋಡಲು ಹೋಗುತ್ತಿದ್ದೇನೆ ಎಂದುಕೊಂಡೇ ನಾನು ಹೋದೆ. ಬಸಲಿಂಗಪ್ಪ ಮಾಸ್ತರರು ಐವತ್ಮೂರು ವರ್ಷದ, ತೆಳ್ಳನೆಯ, ಒಗೆದ ಬಿಳಿ ಟೋಪಿಯ ಮನುಷ್ಯ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಶಾಲೆ ಅಚ್ಚುಕಟ್ಟಾಗಿತ್ತು. ಲೆಕ್ಕ, ಓದು, ಶುದ್ಧ ಬರಹ, ಯಾವುದರಲ್ಲೂ ಮಕ್ಕಳು ಹಿಂದೆ ಬಿದ್ದಿರಲಿಲ್ಲ. ಏಳನೆಯ ಇಯತ್ತೆಯಲ್ಲಿ ಹನ್ನೊಂದು ಮಕ್ಕಳಿದ್ದರು. ಸಹಾಮಾಹಿ ಪರೀಕ್ಷೆಯ, ಅಂದರೆ ಆರು ತಿಂಗಳ ಪರೀಕ್ಷೆಯ, ಭೂಗೋಳದ ಉತ್ತರಗಳನ್ನು ತರಿಸಿ ನೋಡಿದೆ. ಹಗಲು ರಾತ್ರಿ ಏಕೆ ಆಗುತ್ತವೆ ಎಂಬ ಪ್ರಶ್ನೆಗೆ ಹನ್ನೊಂದೂ ಮಕ್ಕಳು ಬರೆದದ್ದು ಒಂದೇ: ‘ಭೂಮಿಯು ತನ್ನ ಸುತ್ತ ತಾನು ತಿರುಗುವುದರಿಂದ ಎಂದು ಪುಸ್ತಕದಲ್ಲಿ ಹೇಳಿದೆ. ನಾವು ನೋಡಿಲ್ಲ.’

ಮಕ್ಕಳನ್ನು ಹೊರಗೆ ಕಳಿಸಿ ಮಾಸ್ತರರನ್ನು ಕೂರಿಸಿಕೊಂಡೆ.

“ಮೇಷ್ಟ್ರೇ, ಭೂಮಿ ತಿರುಗುತ್ತೆ ಅಂತ ನೀವು ಹೇಳಿಕೊಟ್ಟಿಲ್ವಾ?”

“ಹೇಳಿಕೊಟ್ಟೇನ್ರಿ. ಪುಸ್ತಕದಾಗ ಹಿಂಗ ಐತಿ ಅಂತ ಹೇಳೇನಿ. ಖರೇ ಐತಿ ಅಂತ ಹೇಳಿಲ್ಲ.”

“ಯಾಕೆ?”

“ನಾ ನೋಡಿಲ್ರಿ ಸಾಹೇಬ್ರ. ನೀವು ನೋಡೀರೇನ್ರಿ?”

ಅವರ ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು. ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದೆ. ದೂರದಿಂದ ಬರುವ ಹಡಗಿನ ಮೇಲ್ತುದಿ ಮೊದಲು ಕಾಣುವುದನ್ನು ಹೇಳಿದೆ. ಅದರಿಂದ ಭೂಮಿ ಗುಂಡಗಿದೆ ಎಂದಾಗುತ್ತದೆ, ತಿರುಗುತ್ತದೆ ಎಂದಾಗುವುದಿಲ್ಲ ಎಂದರು ಮಾಸ್ತರರು. ಹಗಲು ರಾತ್ರಿಯ ಮಾತೆತ್ತಿದೆ. ಅದಕ್ಕೆ ಅವರು ನನ್ನನ್ನು ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು.

ಊರಿನಿಂದ ಅರ್ಧ ಮೈಲಿ. ಜೋಳ ಎದೆಯೆತ್ತರ ಬೆಳೆದಿತ್ತು. ಬದುವಿನ ಹತ್ತಿರ ಹಸನು ಮಾಡಿದ ಒಂದು ತುಂಡು ನೆಲ, ನಡುವೆ ನೇರವಾಗಿ ನಿಲ್ಲಿಸಿದ ಮೊಳಕ್ಕಿಂತ ಉದ್ದದ ಕಬ್ಬಿಣದ ಸರಳು. ಸರಳಿನ ನೆರಳು ನಡುಮಧ್ಯಾಹ್ನ ಎಲ್ಲಿಗೆ ಬೀಳುತ್ತದೆ ಎಂದು ಅವರು ಹದಿನಾಲ್ಕು ವರ್ಷದಿಂದ ರಜೆಯ ದಿನಗಳಲ್ಲೆಲ್ಲ ಗುರುತು ಮಾಡಿ ಬರೆದಿಟ್ಟಿದ್ದರು. ಮೂರು ದಪ್ಪ ವಹಿಗಳು. ನನ್ನ ಕಾಲೇಜಿನ ಪ್ರಯೋಗದ ಪುಸ್ತಕ ಅಷ್ಟು ಶುದ್ಧವಾಗಿರಲಿಲ್ಲ.

“ನೆಳ್ಳು ಸರೀತೈತ್ರಿ. ಸೂರ್ಯ ಸರದ್ರೂ ಹಿಂಗ ಸರೀತೈತಿ, ಭೂಮಿ ಸರದ್ರೂ ಹಿಂಗ ಸರೀತೈತಿ. ಯಾರು ಸರದ್ರು ಅಂತ ಈ ನೆಳ್ಳು ನೋಡಿ ಹ್ಯಾಂಗ ಹೇಳೂದು?”

“ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳಿದಾರೆ ಮೇಷ್ಟ್ರೇ. ಈಗ ಉಪಗ್ರಹಾನೇ ಹಾರಿಸಿ ಆಕಾಶ ಗೆದ್ದಿದಾರೆ” ಎಂದೆ.

“ಒಂದು ಗುಂಡು ಮ್ಯಾಲೆ ಒಗದಾರ. ಅದು ದೊಡ್ಡ ಕೆಲಸನ. ಆದ್ರ ಅಷ್ಟು ದೊಡ್ಡ ಮುಗಲಿನ್ಯಾಗ ಒಂದೀಟು ದೂರ ಹೋದ್ರ ಗೆದ್ದಂಗ ಆತೇನ್ರಿ?” ಎಂದು ಅವರು ಮೆಲ್ಲಗೆ ಹೇಳಿದರು. “ಅವರು ಹೇಳಿದ್ದು ಸುಳ್ಳು ಅಂತ ನಾ ಅನ್ನಂಗಿಲ್ಲ. ನಾ ನೋಡಿಲ್ಲ, ಅಷ್ಟ.”

ಅವರ ಮನೆಯಲ್ಲಿ ಊಟ ಮಾಡಿದೆ. ಮನೆಯಲ್ಲಿ ಅವರು ಮತ್ತು ಅವರ ತಾಯಿ ನೀಲವ್ವ, ಇಬ್ಬರೇ. ಎಂಬತ್ತರ ಹತ್ತಿರದ ಆ ಮುದುಕಿ ಬಿಸಿ ರೊಟ್ಟಿ ಹಾಕುತ್ತ, “ಇವನ್ನ ಬೈಬ್ಯಾಡ್ರಿ ಯಪ್ಪಾ. ಊರಾಗ ಇವನ ಜೋಡಿ ಯಾರೂ ಮಾತಾಡವಲ್ರು” ಎಂದಳು. ಅರ್ಜಿ ಕಳಿಸಿದ ಮೇಲೆ ಊರಿನವರು ಮಾಸ್ತರರ ಕಟ್ಟೆಗೆ ಬರುವುದನ್ನೇ ಬಿಟ್ಟಿದ್ದರು. ಸೈಕಲ್ಲಿನಲ್ಲಿ ತಿರುಗಿ ಬರುವಾಗ ಆ ಮಾತು ನನ್ನ ತಲೆಯಲ್ಲೇ ಉಳಿಯಿತು.

ಮಾಸ್ತರರನ್ನು ತಪ್ಪಿತಸ್ಥ ಎಂದು ಬರೆಯುವುದು ಸುಲಭವಿತ್ತು. ಪಠ್ಯಕ್ರಮ ಪಾಲಿಸಿಲ್ಲ ಎಂಬ ಒಂದು ಸಾಲು ಸಾಕು, ಅವರು ಅಮಾನತಾಗುತ್ತಿದ್ದರು. ಎರಡು ವರ್ಷ ದೂರವಿದ್ದ ಪೆನ್ಶನ್ನಿಗೂ ಕುತ್ತು ಬರುತ್ತಿತ್ತು. ಆದರೆ ಅವರು ಕೇಳಿದ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಭೂಮಿ ತಿರುಗುತ್ತದೆ ಎಂದು ನಾನು ನೂರಾರು ಮಕ್ಕಳಿಂದ ಹೇಳಿಸಿದ್ದೆ. ನನಗೆ ಅದು ಹೇಗೆ ಗೊತ್ತು? ನನ್ನ ಮೇಷ್ಟರು ಹೇಳಿದ್ದರು. ಅವರಿಗೆ ಅವರ ಮೇಷ್ಟರು.

ಕೋಣೆಯಲ್ಲಿ ಪೆಟ್ಟಿಗೆ ತೆಗೆದು ಹಳೆಯ ಕಾಲೇಜು ಪುಸ್ತಕಗಳನ್ನು ಹುಡುಕಿದೆ. ಒಂದರಲ್ಲಿ ಅರ್ಧ ಪುಟದ ವಿವರಣೆ ಸಿಕ್ಕಿತು. ನೂರು ವರ್ಷದ ಹಿಂದೆ ಫ್ರಾನ್ಸಿನ ವಿಜ್ಞಾನಿಯೊಬ್ಬರು ಎತ್ತರದ ಚಾವಣಿಯಿಂದ ಉದ್ದ ತಂತಿಗೆ ಭಾರದ ಗುಂಡು ಕಟ್ಟಿ ತೂಗಿಬಿಟ್ಟಿದ್ದರು. ತೂಗುವ ಗುಂಡು ತನ್ನ ದಾರಿಯನ್ನು ತಾನಾಗಿ ಬದಲಿಸುವುದಿಲ್ಲ. ಅಡಿಯಲ್ಲಿರುವ ನೆಲ ತಿರುಗಿದರೆ, ನೆಲದ ಮೇಲೆ ಎಳೆದ ಗೆರೆಯಿಂದ ಗುಂಡಿನ ದಾರಿ ಸರಿದಂತೆ ಕಾಣುತ್ತದೆ. ಉತ್ತರ ಧ್ರುವದಲ್ಲಿ ಈ ಸರಿತ ಗಂಟೆಗೆ ಹದಿನೈದು ಡಿಗ್ರಿ. ಸಮಭಾಜಕ ವೃತ್ತದ ಕಡೆಗೆ ಬಂದಂತೆ ಕಡಿಮೆಯಾಗುತ್ತದೆ. ರೋಣದ ಅಕ್ಷಾಂಶಕ್ಕೆ ಲೆಕ್ಕ ಹಾಕಿದೆ: ಗಂಟೆಗೆ ನಾಲ್ಕು ಡಿಗ್ರಿ. ಈ ಪ್ರಶ್ನೆಗೆ ನಾನು ಪರೀಕ್ಷೆಯಲ್ಲಿ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಪ್ರಯೋಗವನ್ನು ಮಾತ್ರ ಎಂದೂ ನೋಡಿರಲಿಲ್ಲ.

ಎತ್ತರದ ಚಾವಣಿ ಬೇಕಿತ್ತು. ರೋಣದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಗಿರಣಿ ಇತ್ತು. ಆ ಸೀಮೆಯಲ್ಲಿ ಹತ್ತಿ ಬಿಡಿಸುವುದು ಬೇಸಗೆಗೆ. ಡಿಸೆಂಬರಿನಲ್ಲಿ ಗಿರಣಿ ನಿಂತಿರುತ್ತದೆ. ತಗಡಿನ ದೊಡ್ಡ ಮಾಡು, ಕಬ್ಬಿಣದ ತೊಲೆ, ಸಿಮೆಂಟು ನೆಲ. ಗಿರಣಿಯ ಯಜಮಾನರು ಆಶ್ಚರ್ಯಪಟ್ಟರೂ ಬೇಡವೆನ್ನಲಿಲ್ಲ. ಯಂತ್ರ ನೋಡಿಕೊಳ್ಳುವ ಫಿಟ್ಟರ್ ಹುಸೇನಸಾಬರನ್ನು ನನ್ನ ಜೊತೆಗೆ ಕೊಟ್ಟರು. ಹುಸೇನಸಾಬರು ತೊಲೆಗೆ ಗಟ್ಟಿ ಸೆಣಬಿನ ಹಗ್ಗ ಕಟ್ಟಿ, ಹತ್ತಿ ತೂಗುವ ಇಪ್ಪತ್ತೆಂಟು ಪೌಂಡಿನ ಕಬ್ಬಿಣದ ತೂಕವನ್ನು ತೂಗಬಿಟ್ಟರು. ಮೇಲಿನಿಂದ ಕೆಳಕ್ಕೆ ಇಪ್ಪತ್ತಾರು ಅಡಿ.

ಡಿಸೆಂಬರಿನ ಮೊದಲ ಭಾನುವಾರ ಮಾಸ್ತರರನ್ನೂ ಅರ್ಜಿ ಹಾಕಿದ ಪಾಲಕರನ್ನೂ ಕರೆಸಿದೆ. ಚಕ್ಕಡಿ ಕಟ್ಟಿಕೊಂಡು ಒಂಬತ್ತು ಜನ ಬಂದರು. ನಾನು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು, ಒಂದು ಗಂಟೆಯಲ್ಲಿ ಗುಂಡು ಗಡಿಯಾರದ ಮುಳ್ಳಿನ ದಿಕ್ಕಿಗೆ ಸರಿಯುತ್ತದೆ, ಅದು ಭೂಮಿ ತಿರುಗುವ ಗುರುತು ಎಂದು ದೊಡ್ಡ ದನಿಯಲ್ಲಿ ಹೇಳಿ, ಕೈಯಾರೆ ಗುಂಡನ್ನು ಎಳೆದು ತಳ್ಳಿದೆ.

ಹತ್ತು ನಿಮಿಷದಲ್ಲೇ ಗುಂಡು ನೆಟ್ಟಗೆ ಹೋಗಿ ಬರುವುದನ್ನು ಬಿಟ್ಟು ಮೊಟ್ಟೆಯಾಕಾರದಲ್ಲಿ ಸುತ್ತತೊಡಗಿತು. ಗಂಟೆಯಾಗುವ ಹೊತ್ತಿಗೆ ಗೆರೆಯಿಂದ ಒಂದು ಗೇಣು ಸರಿದಿತ್ತು. ಆದರೆ ನಾನು ಹೇಳಿದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ.

ಪಾಲಕರಲ್ಲಿ ಒಬ್ಬರು, “ಹಂಗಾರ ಭೂಮಿ ತಿರುವು ಮುರುವು ತಿರಗತೈತೇನ್ರಿ ಸಾಹೇಬ್ರ?” ಎಂದರು. ಉಳಿದವರು ನಕ್ಕರು. ಇನ್ನೊಬ್ಬರು, “ನಮ್ಮ ಮಾಸ್ತರ ಹೇಳಿದ್ದ ಖರೇ ಆತು ಬಿಡ್ರಿ” ಎಂದು ಎದ್ದರು. ಒಂದು ತಿಂಗಳಿಂದ ಮಾಸ್ತರರ ಕಡೆ ಮುಖ ಹಾಕದಿದ್ದವರು ಈಗ ಅವರ ಹೆಗಲ ಮೇಲೆ ಕೈಯಿಟ್ಟರು. ಮಾಸ್ತರರು ಸುಮ್ಮನಿದ್ದಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು.

ಬಸಲಿಂಗಪ್ಪ ಮಾಸ್ತರರು ಗುಂಡಿನ ಹತ್ತಿರ ಹೋಗಿ ಹಗ್ಗವನ್ನು ಮುಟ್ಟಿ ನೋಡಿದರು. “ಇಲ್ರಪಾ, ಹಂಗ ಆಗಂಗಿಲ್ಲ” ಎಂದರು. “ಇದರಿಂದ ಭೂಮಿ ನಿಂತೈತಿ ಅಂತ ಆಗಂಗಿಲ್ಲ. ಹಗ್ಗದಾಗ ಹುರಿ ಐತಿ, ಬಿಚ್ಚಾಕತ್ತೈತಿ. ಸಾಹೇಬ್ರು ಕೈಲೆ ನೂಕ್ಯಾರ, ಕೈ ಒಂದಿಷ್ಟು ವಾರಿ ಆಗೈತಿ, ನೆಟ್ಟಗ ಬಿಟ್ಟಿಲ್ಲ. ಹಗ್ಗ ಸರಿ ಇಲ್ಲ ಅಂತ ಅಷ್ಟ ಹೇಳಬೇಕು.”

ಪಾಲಕರ ಕೈ ಅವರ ಹೆಗಲಿಂದ ಕೆಳಗಿಳಿಯಿತು. ಅವರು ತಮ್ಮತಮ್ಮಲ್ಲೇ ಏನೋ ಅಂದುಕೊಂಡು ಚಕ್ಕಡಿ ಹತ್ತಿದರು. ಮಾಸ್ತರರು ಹಿಂದೆ ನಡೆದುಕೊಂಡು ಹೋದರು. ಚಕ್ಕಡಿಯಲ್ಲಿ ಜಾಗವಿತ್ತು, ಯಾರೂ ಕರೆಯಲಿಲ್ಲ. ಗಿರಣಿಯ ಬಾಗಿಲಲ್ಲಿ ನಿಂತು ನಾನು ಅದನ್ನು ನೋಡುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರನ್ನು ವಿಚಾರಣೆ ಮಾಡುವ ಅಧಿಕಾರ ನನಗಿತ್ತು.

ಮುಂದಿನ ಎರಡು ವಾರ ಹುಸೇನಸಾಬರು ಮತ್ತು ನಾನು ಸಂಜೆ ಸಂಜೆ ಗಿರಣಿಯಲ್ಲೇ ಇದ್ದೆವು. ಹಗ್ಗ ತೆಗೆದು ತೆಳು ಉಕ್ಕಿನ ತಂತಿ ಹಾಕಿದೆವು. ತಂತಿಯ ಮೇಲ್ತುದಿ ಎಲ್ಲ ಕಡೆಗೂ ಒಂದೇ ಸಮ ಬಾಗುವಂತೆ ಹುಸೇನಸಾಬರು ಎರಡು ಕಬ್ಬಿಣದ ಪಟ್ಟಿಗಳ ನಡುವೆ ಅದನ್ನು ಬಿಗಿದು ಕೂರಿಸಿದರು. ತೂಕದ ಅಡಿಗೆ ಮೊನಚಾದ ಒಂದು ಮೊಳೆ ಬೆಸೆದರು. ಕೈಯಿಂದ ತಳ್ಳಬಾರದು ಎಂಬ ಮಾಸ್ತರರ ಮಾತೂ ಸರಿಯಾಗಿತ್ತು. ಪುಸ್ತಕದ ಕೆಳಗಿನ ಸಣ್ಣ ಅಕ್ಷರದಲ್ಲಿ ಅದೇ ಇತ್ತು, ನಾನು ಓದಿರಲಿಲ್ಲ: ಗುಂಡನ್ನು ಒಂದು ಪಕ್ಕಕ್ಕೆ ಎಳೆದು ನೂಲಿನಿಂದ ಕಟ್ಟಿ, ಅದು ಪೂರ್ತಿ ಅಲುಗದೆ ನಿಂತ ಮೇಲೆ ನೂಲನ್ನು ಸುಡಬೇಕು.

ಮೂರನೆಯ ಭಾನುವಾರ ನಾನು ಮಾಸ್ತರರೊಬ್ಬರನ್ನೇ ಕರೆಸಿದೆ. ಬೆಳಗ್ಗೆ ಒಂಬತ್ತಕ್ಕೆ ಗಿರಣಿಯ ಬಾಗಿಲು, ಕಿಟಕಿ ಮುಚ್ಚಿ, ಗಾಳಿ ಬಾರದಂತೆ ಸಂದಿಗಳಿಗೆ ಹತ್ತಿ ತುರುಕಿದೆವು. ಗೆರೆ ಎಳೆದವರು ಮಾಸ್ತರರೇ. ಕಡ್ಡಿ ಗೀರಿ ನೂಲು ಸುಟ್ಟವರೂ ಅವರೇ. ಗುಂಡು ಸದ್ದಿಲ್ಲದೆ ಹೊರಟಿತು. ಒಂದು ಸಲ ಹೋಗಿ ಬರಲು ಐದೂವರೆ ಸೆಕೆಂಡು. ಮೂವರೂ ಗೋಡೆಗೆ ಒರಗಿ ಕುಳಿತೆವು.

ಕಾಲು ಗಂಟೆಗೆ ಏನೂ ಕಾಣಲಿಲ್ಲ. ಅರ್ಧ ಗಂಟೆಗೆ ಮೊಳೆಯ ತುದಿ ಗೆರೆಯ ಅಂಚಿನಿಂದ ಹೊರಗೆ ಬಂತು. ಒಂದು ಗಂಟೆಗೆ ಮಾಸ್ತರರು ನೆಲದ ಮೇಲೆ ಮೊಣಕಾಲೂರಿ, ಗುಂಡು ಈಗ ಹೋಗುತ್ತಿರುವ ದಾರಿಗೆ ಇನ್ನೊಂದು ಗೆರೆ ಎಳೆದರು. ನಾನು ಕೋನಮಾಪಕ ಇಟ್ಟು ಅಳೆದೆ. ನಾಲ್ಕು ಡಿಗ್ರಿಗೆ ಕೂದಲೆಳೆಯಷ್ಟು ಹೆಚ್ಚು. ಗಡಿಯಾರದ ಮುಳ್ಳಿನ ದಿಕ್ಕಿಗೆ.

“ತೊಲಿ ವಾರಿ ಇದ್ರ ಹಿಂಗ ಆಗಬಹುದಲ್ರಿ?” ಎಂದು ಅವರು ಕೇಳಿದರು. ಹಾಗಿದ್ದರೆ ಬೇರೆ ದಿಕ್ಕಿನಿಂದ ಬಿಟ್ಟಾಗ ಬೇರೆ ಥರ ಸರಿಯಬೇಕು. ಮೊದಲು ತೆಂಕು ಬಡಗಾಗಿ ಬಿಟ್ಟಿದ್ದನ್ನು ಈ ಸಲ ಮೂಡು ಪಡುವಾಗಿ ಬಿಟ್ಟೆವು. ಮತ್ತೆ ಅಷ್ಟೇ, ಅದೇ ದಿಕ್ಕಿಗೆ. ಮೂರನೆಯ ಸಲ ಮೂಲೆಯಿಂದ ಮೂಲೆಗೆ ಬಿಟ್ಟೆವು. ಮತ್ತೆ ಅಷ್ಟೇ. ಮಧ್ಯಾಹ್ನ ಎರಡು ಗಂಟೆಯ ತನಕ ನಡೆಯಿತು. ಹುಸೇನಸಾಬರು ನೆಲಕ್ಕೆ ಅಂಗೈ ಊರಿ, “ಏನೂ ತಿಳಿಯಂಗಿಲ್ಲಲ್ರಿ. ಒಂದೀಟರ ಅಲುಗಬೇಕಲ್ಲ” ಎಂದರು.

ನಾನು ಗೆದ್ದ ಖುಷಿಯಲ್ಲಿದ್ದೆ. ತಿರುಗಿ ನೋಡಿದರೆ ಮಾಸ್ತರರು ಅಲ್ಲಿರಲಿಲ್ಲ.

ಗಿರಣಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕುಳಿತಿದ್ದರು. ಟೋಪಿ ತೆಗೆದು ಪಕ್ಕಕ್ಕೆ ಇಟ್ಟಿದ್ದರು. ಹತ್ತಿರ ಹೋಗಿ ಕುಳಿತೆ. ಅವರು ನೆಲ ನೋಡುತ್ತಲೇ ಹೇಳಿದರು.

“ನನ್ನ ಮನಿಯಾಕಿ ಹೋಗಿ ಹದಿನಾಲ್ಕು ವರ್ಷ ಆತ್ರಿ. ಹೊಲದ ಬದುವಿನ್ಯಾಗ ಮಣ್ಣು ಮಾಡೇವಿ. ನೀವು ನೋಡಿದ್ರೆಲ್ಲ ಆ ಸರಳು, ಅಲ್ಲೇ ಬಾಜೂಕ. ವರ್ಷಾ ಆ ದಿನ ಆ ಹೊತ್ತಿಗೆ ಅಲ್ಲಿ ಹೋಗಿ ಕುಂದರತೇನಿ. ನೆಳ್ಳು ಅವತ್ತು ಎಲ್ಲಿ ಇತ್ತೋ ಅಲ್ಲೇ ಬರ್ತೈತಿ. ಅದ ಜಾಗಾ, ಅದ ಹೊತ್ತು. ಅಷ್ಟ ಸಾಕಾಗ್ತಿತ್ತು ನನಗ. ಭೂಮಿ ತಿರಗತೈತಿ ಅಂತ ಓದಿದಾಗೆಲ್ಲ ಎದಿ ಝಲ್ ಅಂತಿತ್ತು. ಹಂಗಾರ ಆ ಜಾಗಾ ಎಲ್ಲಿ ಹೋತು? ಅದಕ್ಕ ಖರೇ ಅಂತ ಹೇಳಾಕ ಬಾಯಿ ಬರಲಿಲ್ಲ. ಸುಳ್ಳು ಅಂತ ಹೇಳಾಕೂ ಬರಲಿಲ್ಲ. ನೋಡಿಲ್ಲ ಅಂತಷ್ಟ ಅಂದೆ.”

ನನ್ನ ಕಡೆ ತಿರುಗಿದರು. “ಸೂರ್ಯನ ಸುತ್ತನೂ ತಿರಗತೈತಿ ಅಂತಾರಲ್ರಿ. ವರ್ಷಾ ಆ ಜಾಗಾಕ್ಕ ತಿರುಗಿ ಬರ್ತೈತೇನು?”

ಹೌದು ಎಂದುಬಿಡಬಹುದಾಗಿತ್ತು. ಆದರೆ ಬೆಳಗಿನಿಂದ ನಾವು ಮೂವರೂ ಗೋಡೆಗೆ ಒರಗಿ ಕುಳಿತು ಸತ್ಯವನ್ನು ಕಾಯ್ದಿದ್ದೆವು. ಹೌದು ಎನ್ನಲು ನನಗಾಗಲಿಲ್ಲ.

“ಇಲ್ಲ ಮೇಷ್ಟ್ರೇ. ಸೂರ್ಯನೂ ಎಲ್ಲಿಗೋ ಹೋಗ್ತಾ ಇದಾನಂತೆ, ನಮ್ಮನ್ನೆಲ್ಲ ಕರೆದುಕೊಂಡು.”

“ಒಮ್ಮೀನೂ ಬರಂಗಿಲ್ಲ?”

“ಒಮ್ಮೆಯೂ ಬರಲ್ಲ.”

ಸಾವಿನ ಸುದ್ದಿ ಕೇಳಿದವರು ಹೇಗೆ ತಲೆಯಾಡಿಸುತ್ತಾರೋ ಹಾಗೆ ತಲೆಯಾಡಿಸಿದರು. ಟೋಪಿ ಹಾಕಿಕೊಂಡರು, ಕೈ ಮುಗಿದರು, ಯಾವಗಲ್ಲಿನ ದಾರಿ ಹಿಡಿದರು. ಅವತ್ತು ಸಂಜೆ ನಾನು ಊಟ ಮಾಡಲಿಲ್ಲ. ಕೋಣೆಯ ಹೊರಗೆ ನಿಂತು, ಈ ನೆಲ ನನ್ನನ್ನೂ ನನ್ನ ಕೋಣೆಯನ್ನೂ ಹೊತ್ತು ಎಲ್ಲಿಗೋ ಓಡುತ್ತಿದೆ ಎಂದು ಮೊದಲ ಸಲ ಮಾತಿಗಲ್ಲದೆ ನಿಜವಾಗಿ ಯೋಚಿಸಿದೆ. ಹೆಂಡತಿಗೆ ಪತ್ರ ಬರೆಯಲು ಕುಳಿತೆ. ತಾರೀಖು ಬರೆದು ನಿಲ್ಲಿಸಿದೆ.

ಮಾಸ್ತರರು ಮರುದಿನವೇ ತರಗತಿಯಲ್ಲಿ, “ನಾ ನೋಡಿದೆ. ಭೂಮಿ ತಿರಗತೈತಿ. ಇಷ್ಟು ದಿನ ನನಗ ಗೊತ್ತಿರಲಿಲ್ಲ” ಎಂದು ಹೇಳಿದರಂತೆ. ಮುಂದಿನ ಭಾನುವಾರ ಹನ್ನೊಂದು ಮಕ್ಕಳನ್ನೂ ತಾವೇ ಗಿರಣಿಗೆ ಕರೆತಂದರು. ಪ್ರತಿಯೊಂದು ಮಗುವಿನ ಕೈಯಿಂದಲೂ ಗೆರೆ ಎಳೆಸಿದರು. ಸೂರ್ಯನ ಸುತ್ತ ತಿರುಗುವುದನ್ನೂ ಹೀಗೆ ತೋರಿಸಬಹುದೇ ಎಂದು ನನ್ನನ್ನು ಕೇಳಿದರು. ಅದಕ್ಕೆ ದೊಡ್ಡ ದೂರದರ್ಶಕ ಬೇಕು, ನನ್ನಿಂದಾಗದು ಎಂದೆ. “ಹಂಗಾರ ಅದು ಪುಸ್ತಕದ ಮಾತು ಅಂತ ಹೇಳೂಣು” ಎಂದರು. ನಾನು ಒಪ್ಪಿದೆ. ಏಪ್ರಿಲಿನ ಮುಲ್ಕಿ ಪರೀಕ್ಷೆಯಲ್ಲಿ ಒಂಬತ್ತು ಮಕ್ಕಳು ಪಾಸಾದರು. ಉಳಿದಿಬ್ಬರು ಹೋದದ್ದು ಗಣಿತದಲ್ಲಿ.

ನಾನು ನಡೆದದ್ದನ್ನು ನಡೆದಂತೆ ವರದಿಯಲ್ಲಿ ಬರೆದೆ. ಮೊದಲ ಪ್ರಯೋಗ ಕೆಟ್ಟದ್ದು, ಅದರ ತಪ್ಪನ್ನು ಮಾಸ್ತರರೇ ಹಿಡಿದದ್ದು, ಅವರ ವಹಿಗಳು, ಎಲ್ಲವನ್ನೂ ಹನ್ನೆರಡು ಪುಟ ಬರೆದೆ. ಇಂಥವರು ಇಲಾಖೆಗೆ ಗೌರವ ಎಂದು ಮುಗಿಸಿದೆ. ಅವರ ಹೆಂಡತಿಯ ವಿಷಯ ಬರೆಯಲಿಲ್ಲ, ಅದು ನನ್ನದಲ್ಲ.

ಮೇಲಧಿಕಾರಿ ಧಾರವಾಡಕ್ಕೆ ಕರೆಸಿಕೊಂಡರು. “ನಾ ಮಾಸ್ತರನ ವರದಿ ಕೇಳಿದ್ದೆ. ನೀವು ಭೂಮಿ ವರದಿ ಕೊಟ್ಟೀರಿ” ಎಂದರು. ಊರ ಜನರ ಮುಂದೆ ಇಲಾಖೆಯ ಅಧಿಕಾರಿಯೊಬ್ಬ ನಗೆಗೀಡಾದ ಎಂಬುದಷ್ಟೇ ಅವರಿಗೆ ಕಂಡಿತ್ತು. ಮಾಸ್ತರರನ್ನು ಅಮಾನತು ಮಾಡಲಿಲ್ಲ. ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಬರೆದು, ಜೂನ್‌ನಲ್ಲಿ ಗಜೇಂದ್ರಗಡದ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಇಡೀ ತಾಲ್ಲೂಕನ್ನು ದಾಟಿ ಹೋಗಬೇಕಾದಷ್ಟು ದೂರ. ಹೊಲಕ್ಕೆ ವಾರಕ್ಕೊಮ್ಮೆಯೂ ಬರಲಾಗದು. ಆ ಆದೇಶ ನನ್ನ ಕೈಯಿಂದಲೇ ಅವರಿಗೆ ತಲುಪಬೇಕಿತ್ತು. ತಲುಪಿಸಿದೆ. ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡರು. ನಾನು ವರದಿಯನ್ನು ಎರಡು ಸಾಲಿನಲ್ಲಿ ಮುಗಿಸಿದ್ದರೆ ಅವರು ಅಲ್ಲೇ ಇರುತ್ತಿದ್ದರೇನೋ ಎಂದು ಇವತ್ತಿಗೂ ಒಮ್ಮೊಮ್ಮೆ ಅನ್ನಿಸುತ್ತದೆ.

ಆ ವರ್ಷದ ಕೊನೆಗೆ ತಪಾಸಣೆಗೆ ಗಜೇಂದ್ರಗಡದ ಕಡೆ ಹೋದಾಗ ಅವರ ಶಾಲೆಗೂ ಹೋದೆ. ಗುಡ್ಡದ ಬುಡದಲ್ಲಿ ಕಲ್ಲಿನ ಒಂದೇ ಕೋಣೆಯ ಶಾಲೆ. ಪಕ್ಕದಲ್ಲಿ ಅವರ ವಾಸ. ತಾಯಿ ಊರಿನಲ್ಲೇ ಹೊಲ ನೋಡಿಕೊಂಡಿದ್ದಳು. ಒಲೆ ಹಚ್ಚಿ ತಾವೇ ಚಹಾ ಮಾಡಿಕೊಟ್ಟರು. ಬೇರೆ ಯಾರಿಗೋ ಹೇಳುವಂತೆ ಗುಡ್ಡದ ಕಡೆ ನೋಡುತ್ತ ಹೇಳಿದರು.

“ಊರು ಬಿಡೋ ಮುಂದ ಹೊಲಕ್ಕ ಹೋಗಿ ಕುಂತಿದ್ದೆ. ಅವ್ವ ಹುಡುಕ್ಕೊಂತ ಬಂದ್ಲು. ಎಲ್ಲಾ ಹೇಳಿದೆ, ಗಿರಣ್ಯಾಗ ನೋಡಿದ್ದು, ಆ ಜಾಗಾ ಹಿಂದ ಉಳದದ್ದು. ಅಕಿ ಏನಂದ್ಲು ಗೊತ್ತೇನ್ರಿ? ‘ಜಾಗಾ ಉಳದ್ರ ಉಳೀಲಿ ಬಿಡೋ ತಮ್ಮಾ. ಅಕಿ ಇರೂದು ಮಣ್ಣಾಗ. ಮಣ್ಣು ನಮ್ಮ ಜೋಡೀನ ಹೊಂಟೈತಲ್ಲ. ಅಕೀನೂ ಬರಾಕತ್ತಾಳ’ ಅಂದ್ಲು.”

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ಖಾಲಿ ಆಕಾಶದಲ್ಲಿ ಇದು ಆ ಜಾಗ ಎಂದು ಗುರುತಿಸಲು ಯಾವ ಗೂಟವೂ ಇಲ್ಲ; ಜಾಗ ಎಂದರೆ ಯಾವುದಾದರೊಂದರ ಪಕ್ಕ ಇರುವುದು, ಅಷ್ಟೇ. ನಾನು ಓದಿದ ಭೌತಶಾಸ್ತ್ರವೂ ಅದನ್ನೇ ಹೇಳುತ್ತಿತ್ತು. ಬೇವಿನ ಮರದ ಕೆಳಗೆ ಅದು ನನಗೆ ಹೊಳೆದಿರಲಿಲ್ಲ. “ನಿಮ್ಮ ತಾಯಿ ಹೇಳಿದ್ದು ಸರಿ ಮೇಷ್ಟ್ರೇ. ಸಮಾಧಾನಕ್ಕೆ ಹೇಳ್ತಿಲ್ಲ” ಎಂದೆ.

“ಗೊತ್ತೈತ್ರಿ. ನೀವು ಸಮಾಧಾನಕ್ಕ ಹೇಳೋರಲ್ಲ” ಎಂದು ಅವರು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಉಳಿದ ಸೇವೆಯನ್ನು ಅಲ್ಲೇ ಮುಗಿಸಿ ಅವರು ಊರಿಗೆ ಮರಳಿದರು ಎಂದು ಆಮೇಲೆ ಕೇಳಿದೆ. ಅಷ್ಟರಲ್ಲಿ ನನಗೂ ವರ್ಗವಾಗಿತ್ತು.

ಆಮೇಲೆ ನಾನು ಇಪ್ಪತ್ತೇಳು ವರ್ಷ ಇಲಾಖೆಯಲ್ಲಿದ್ದೆ. ಉತ್ತರ ಸರಿಯೋ ತಪ್ಪೋ ನೋಡುವುದೇ ಇನ್‌ಸ್ಪೆಕ್ಟರನ ಕೆಲಸವೆಂದು ತಿಳಿದು ಬಂದವನು ನಾನು. ಆ ವರ್ಷದ ನಂತರ ಎಲ್ಲ ಶಾಲೆಯಲ್ಲೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತಿದ್ದೆ: ಇದು ನಿನಗೆ ಹೇಗೆ ಗೊತ್ತಾಯಿತು? ಮಕ್ಕಳು ಸುಮ್ಮನಾಗುತ್ತಿದ್ದರು, ಮಾಸ್ತರರು ಬೆವರುತ್ತಿದ್ದರು, ಈ ಸಾಹೇಬರಿಗ್ಯಾಕೆ ಇಲ್ಲದ ಉಸಾಬರಿ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಎಲ್ಲೋ ಒಂದು ಕಡೆ, ಹಿಂದಿನ ಸಾಲಿನಲ್ಲಿ ಒಂದು ಮಗು ಎದ್ದು ನಿಂತು “ನನಗೆ ಗೊತ್ತಿಲ್ಲ” ಎನ್ನುತ್ತಿತ್ತು. ಇಡೀ ತರಗತಿ ನಗುತ್ತಿತ್ತು. ಹಾಗೆ ಹೇಳಿದ ಮಗು ಆ ಹೊತ್ತಿಗೆ ಎಷ್ಟು ಒಂಟಿಯಾಗಿರುತ್ತದೆ ಎಂಬುದು ನನಗೆ ತಿಳಿದಿತ್ತು. ಬೇರೆ ಶಾಲೆಗೆ ತಡವಾದರೂ ಸರಿ, ಅಂಥ ಕಡೆ ನಾನು ಕುರ್ಚಿ ಎಳೆದುಕೊಂಡು ಆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ.